ಇನ್ನೊಂದು ತೋರ್ಸಪ್ಪ

ತೊಂದರೆ ಶುರುವಾದದ್ದು ಒಂದು ಗೋಡೆಯಿಂದ.

ಮೈಸೂರಿನ ಅಶೋಕಪುರಂನ ಸಿದ್ದುವಿಗೆ ದುಬೈನಿಂದ ಇಂಟರ್‌ವ್ಯೂ ಬಂದಿತ್ತು. ಅವನು ಎಲ್ಲಿಗೂ ಹೋಗಬೇಕಿರಲಿಲ್ಲ, ಲ್ಯಾಪ್‌ಟಾಪಿನೊಳಗೆ ಕೂತು ಅದೇ ಮನೆ ಬಾಗಿಲಿಗೆ ಬರುವುದಿತ್ತು. ಪ್ಯಾರಿಸ್ಸಿನ ದೊಡ್ಡ ಕಂಪನಿ. ಅದರ ಹೆಸರನ್ನು ಸರಿಯಾಗಿ ಹೇಳುವುದಕ್ಕೆಂದೇ ಸಿದ್ದು ಒಂದು ವಾರ ಕನ್ನಡಿಯ ಮುಂದೆ ನಿಂತು ಮೂತಿ ತಿರುಗಿಸಿದ್ದ. ಹೆಂಗಸರ ಕೈಚೀಲ, ರೇಷ್ಮೆ ಸ್ಕಾರ್ಫು, ಸುಗಂಧ ಇಂಥವನ್ನು ಮಾರುವ ಕಂಪನಿ ನಿಜ, ಆದರೆ ಅವರ ಒಂದು ಕೈಚೀಲದ ಬೆಲೆಯಲ್ಲಿ ಅಶೋಕಪುರಂನಲ್ಲಿ ಒಂದು ಮದುವೆ ಮಾಡಿ, ಬೀಗರೂಟವನ್ನೂ ಮುಗಿಸಬಹುದಿತ್ತು. ದುಬೈನ ಅವರ ಮಳಿಗೆಗೆ ಮಾರಾಟದವರು ಬೇಕಾಗಿದ್ದರು. ಹಿಂದಿನ ಸುತ್ತುಗಳನ್ನು ಫೋನಿನಲ್ಲೇ ದಾಟಿದ್ದ ಸಿದ್ದುವಿಗೆ ಇದೇ ಕೊನೆಯದು. ಅವರು ಕೇಳಿದ್ದು ಹೆಚ್ಚೇನಲ್ಲ. ಮೈಮೇಲೆ ಕಪ್ಪು ಕೋಟು, ಬೆನ್ನ ಹಿಂದೆ ಖಾಲಿ ಬಿಳಿ ಗೋಡೆ, ಸದ್ದಿಲ್ಲದ ಕೋಣೆ, ಕೈಯಲ್ಲೊಂದು ಒಳ್ಳೆಯ ಬ್ಯಾಗು. ಆ ಬ್ಯಾಗನ್ನು ಅವರಿಗೆ ಮಾರಿ ತೋರಿಸಬೇಕು.

ಸಿದ್ದು ದೇವರಾಜ ಅರಸು ರಸ್ತೆಯ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಬಿ.ಕಾಂ. ಮುಗಿಸಿ ‘ಸದ್ಯಕ್ಕೆ’ ಎಂದುಕೊಂಡು ಸೇರಿದವನು. ಆ ಸದ್ಯಕ್ಕೀಗ ಎಂಟು ವರ್ಷ. ಬಿಳಿ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು. ಗಿರಾಕಿಯ ಕಣ್ಣು ಹೋದ ಸೀರೆಯನ್ನೆಲ್ಲ ಬಿಚ್ಚಿ ಹಾಸಬೇಕು. ಸೆರಗನ್ನು ತನ್ನ ಹೆಗಲಿಗೇ ಹಾಕಿಕೊಂಡು, ನಿರಿಗೆ ಹಿಡಿದು, ಮೀಸೆ ಹೊತ್ತ ಮದುಮಗಳಾಗಿ ನಿಂತು ತೋರಿಸಬೇಕು. ಅವರು ಎದ್ದು ಹೋದ ಮೇಲೆ ಆ ಗುಡ್ಡವನ್ನೆಲ್ಲ ಮಡಿಸಿ ಕಪಾಟಿಗೆ ಸೇರಿಸಬೇಕು. ಈಚೀಚೆಗೆ ಅವನು ಗಾದಿಯಿಂದ ಏಳುವಾಗ ಮಂಡಿಗಳು ಹಪ್ಪಳ ಮುರಿದ ಹಾಗೆ ಸದ್ದು ಮಾಡುತ್ತಿದ್ದವು. ಇಷ್ಟು ವರ್ಷಗಳಲ್ಲಿ ಅವನ ಕಿವಿಗೆ ಅತಿ ಹೆಚ್ಚು ಸಲ ಬಿದ್ದ ಮಾತೆಂದರೆ ಒಂದೇ: ‘ಇನ್ನೊಂದು ತೋರ್ಸಪ್ಪ.’

ಆ ಮಾತಿಗೆ ಪೇಟೆಂಟ್ ತೆಗೆದುಕೊಳ್ಳಬಹುದಾದವರು ಅವನ ಬೀದಿಯಲ್ಲೇ ಇದ್ದರು. ಮೂಲೆಮನೆಯ ಇಂದ್ರಮ್ಮ. ಗುರುತಿನ ಹುಡುಗ ಇದ್ದಾನೆಂಬ ಅಭಿಮಾನದಿಂದ ಅವರು ಬೇರೆ ಅಂಗಡಿಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಬೆಳಿಗ್ಗೆ ಬಂದು ಕೂತರೆ ಅಂಗಡಿಯ ಕಾಫಿ ಕುಡಿದು, ಮೂರು ಕಪಾಟು ಖಾಲಿ ಮಾಡಿಸಿ, ‘ಅಯ್ಯೋ, ಇವತ್ತು ಅಮಾಸೆ ಕಣಪ್ಪ, ಹೊಸ ಸೀರೆ ತಗೋಬಾರ್ದು’ ಎಂದು ಒಂದು ಫಾಲ್ಸು ಕೊಂಡು ಏಳುತ್ತಿದ್ದರು. ಮನೆಯಿಂದ ಹೊರಡುವಾಗ ಅಮಾವಾಸ್ಯೆ ಎಂದು ಗೊತ್ತಿರಲಿಲ್ಲವೇ ಎಂದು ಕೇಳುವ ಹಕ್ಕು ಗಾದಿಯ ಮೇಲೆ ಕೂತವನಿಗೆ ಇರುವುದಿಲ್ಲ.

ಹೀಗಿರುವಾಗ ಒಂದು ದಿನ ಸಿದ್ದು ಆ ಪ್ಯಾರಿಸ್ ಕಂಪನಿಯ ವಿಡಿಯೋ ನೋಡಿದ. ದೇವಸ್ಥಾನದ ಗರ್ಭಗುಡಿಯಂಥ ಗಾಜಿನ ಗೂಡು, ಅದರೊಳಗೆ ಒಂದೇ ಒಂದು ಚೀಲ. ಪಕ್ಕದಲ್ಲಿ ಕಪ್ಪು ಕೋಟಿನ ಮಾರಾಟಗಾರ ನೆಟ್ಟಗೆ ನಿಂತಿದ್ದಾನೆ. ನಿಂತಿದ್ದಾನೆ! ಒಬ್ಬಾಕೆ ಬಂದಳು, ನೋಡಿದಳು, ತಲೆಯಾಡಿಸಿದಳು, ಕಾರ್ಡು ಕೊಟ್ಟಳು, ಹೋದಳು. ಅವಳು ಹೋದ ಮೇಲೆ ಮಡಿಸುವುದಕ್ಕೆ ಏನೂ ಇರಲಿಲ್ಲ. ಸ್ವರ್ಗ ಎಂದರೆ ಇದೇ ಎಂದು ಸಿದ್ದುವಿಗೆ ಅನ್ನಿಸಿಹೋಯಿತು, ಅಂದಿನಿಂದ ಅವನ ನಿದ್ದೆಯಲ್ಲೂ ಅದೇ.

ಈಗ ಗೋಡೆಯ ವಿಷಯಕ್ಕೆ ಬರೋಣ. ಸಿದ್ದುವಿನ ಮನೆಯ ಗೋಡೆ ನೀಲಿ. ಅದರ ಮೇಲೆ ಬಾಬಾಸಾಹೇಬರು, ಬುದ್ಧ, ತೀರಿಹೋದ ಅಪ್ಪ, ಒಂದು ಕ್ಯಾಲೆಂಡರು.

“ಒಂದ್ ಗಂಟೆ ಮಟ್ಟಿಗೆ ಫೋಟೋ ಇಳಿಸಿ, ಒಂದು ಬಿಳಿ ಪಂಚೆ ಕಟ್ಟೋಣ್ವಾ ಅವ್ವ?” ಎಂದು ಸಿದ್ದು ಕೇಳಿದ್ದೇ ತಡ, ಅವನ ತಾಯಿ ಸಿದ್ದಲಿಂಗಮ್ಮ ಉಪ್ಪಿಟ್ಟು ತಿರುವುತ್ತಿದ್ದ ಸೌಟನ್ನು ಹಿಡಿದುಕೊಂಡೇ ಬಂದರು.

“ಬಾಬಾಸಾಹೇಬ್ರನ್ನ ಇಳಿಸ್ಬುಟ್ಟು ಕೆಲ್ಸ ಕೇಳ್ತೀಯ? ಅವ್ರು ಇದ್ದದ್ಕೆ ತಾನೆ ನೀನು ಕಾಲೇಜ್ ಮೆಟ್ಲು ಹತ್ತಿದ್ದು! ಗೋಡೆ ಬೇಕಾದ್ರೆ ಬೇರೆ ಹುಡುಕ್ಕೋ.”

ಮಾತು ನ್ಯಾಯವಾಗಿತ್ತು. ಸಿದ್ದು ಕೆನ್ನೆ ಕೆರೆದುಕೊಂಡು ಎದುರುಮನೆಯ ಜವರಪ್ಪನವರಲ್ಲಿಗೆ ಹೋದ. ಅವರ ಹಜಾರಕ್ಕೆ ಹೋದ ವಾರವಷ್ಟೇ ಬಿಳಿ ಬಣ್ಣ ಹೊಡೆಸಿದ್ದರು; ಮೊಳೆ ಹೊಡೆದೀರಿ ಜೋಕೆ ಎಂದು ಅವರು ಯಾರನ್ನೂ ಗೋಡೆಯ ಹತ್ತಿರ ಬಿಡುತ್ತಿರಲಿಲ್ಲ.

“ಗೋಡೆ ತಾನೆ? ಧಾರಾಳವಾಗಿ ತಗೋ. ಯಾಕೆ ಹೇಳು?” ಎಂದರು ಜವರಪ್ಪ.

ಸಿದ್ದು ಅವರ ಕಿವಿಯಲ್ಲಿ ವಿಷಯ ಹೇಳಿ, “ಯಾರ್ಗೂ ಗೊತ್ತಾಗ್ಬಾರ್ದು ದೊಡ್ಡಪ್ಪ. ಅಂಗ್ಡಿ ಮಾಲೀಕ್ರು ಶಿವಪ್ರಕಾಶ್‌ಗೆ ಹೊಟ್ಟೆನೋವು ಅಂತ ಹೇಳಿ ರಜಾ ತಗೊಂಡಿದ್ದೀನಿ. ತಿಳಿದ್ರೆ ಇರೋ ಕೆಲ್ಸಾನೂ ಹೋಯ್ತದೆ,” ಎಂದ.

“ದುಬೈ ಕೆಲ್ಸನಾ? ನಾನ್ಯಾಕಪ್ಪ ಯಾರ್ಗಾದ್ರೂ ಹೇಳ್ಲಿ!” ಎಂದು ಜವರಪ್ಪ ಪಿಸುಗುಟ್ಟಿದರು.

ಇಲ್ಲಿ ಒಂದು ಮಾತು ಹೇಳಬೇಕು. ಜವರಪ್ಪನವರು ಆಯುಷ್ಯವನ್ನೆಲ್ಲ ರೈಲ್ವೆ ವರ್ಕ್‌ಶಾಪಿನಲ್ಲಿ, ಸುತ್ತಿಗೆ ಸದ್ದಿನ ನಡುವೆ ಕಳೆದು ನಿವೃತ್ತರಾದವರು. ಅವರ ಪಿಸುಮಾತು ಮೂರು ಮನೆ ದಾಟುತ್ತಿತ್ತು. ಸಿದ್ದು ವಾಪಸು ಬಂದು ಉಪ್ಪಿಟ್ಟಿಗೆ ಕೈ ಹಾಕುವಷ್ಟರಲ್ಲಿ ಬೀದಿಗೆ ಬೀದಿಯೇ ಅವನನ್ನು ದುಬೈಗೆ ಕಳಿಸಲು ಟೊಂಕ ಕಟ್ಟಿ ನಿಂತಿತ್ತು.

ಮೊದಲು ಬಂದದ್ದು ಜವರಪ್ಪನವರ ಮಗಳು ಭಾನುಪ್ರಿಯಾ. ಬೀದಿಯ ತುದಿಯಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ಹುಡುಗಿ, ಲ್ಯಾಪ್‌ಟಾಪೂ ಅವಳದೇ. “ಸಿದ್ದಣ್ಣ, ಈ ಮುಖ ಇಟ್ಕೊಂಡು ಪ್ಯಾರಿಸ್ನೋರ್ ಮುಂದೆ ಕೂರ್ತೀಯಾ?” ಎಂದು ಅವನನ್ನು ಕುರ್ಚಿಗೆ ಅದುಮಿ, ಮದುಮಗಳಿಗೆಂದು ಇಟ್ಟಿದ್ದ ಡಬ್ಬಿಗಳನ್ನೆಲ್ಲ ಅವನ ಮೇಲೆ ಖಾಲಿ ಮಾಡಿದಳು. ಮುಗಿದ ಮೇಲೆ ಸಿದ್ದಲಿಂಗಮ್ಮ ಮಗನನ್ನು ಅತ್ತಿತ್ತ ತಿರುಗಿಸಿ ನೋಡಿ, “ಚೆನ್ನಾಗವ್ನೆ. ಆದ್ರೆ ಯಾರು ಅಂತ ಗೊತ್ತಾಗ್ತಿಲ್ಲ,” ಎಂದರು.

ಆಮೇಲೆ ಕೋಟು. ಬೀದಿಯಲ್ಲಿದ್ದ ಏಕೈಕ ಕಪ್ಪು ಕೋಟು ಜವರಪ್ಪನವರದು, ನಿವೃತ್ತಿಯ ಸಮಾರಂಭಕ್ಕೆ ಹೊಲಿಸಿದ್ದು. ಅದರೊಳಗೆ ಸಿದ್ದುವಿನಂಥವರು ಒಂದೂವರೆ ಜನ ಹಿಡಿಸುತ್ತಿದ್ದರು, ಮೇಲಾಗಿ ನುಸಿಗುಳಿಗೆಯ ಘಾಟು. ಭಾನುಪ್ರಿಯಾ ಸೋಲುವವಳಲ್ಲ. ಬೆನ್ನ ಕಡೆ ಬಟ್ಟೆಯನ್ನು ಒಟ್ಟುಮಾಡಿ ಸಾಲಾಗಿ ಸೀರೆ ಪಿನ್ನು ಚುಚ್ಚಿದಳು. ಮುಂದಿನಿಂದ ನೋಡಿದರೆ ಕೋಟು ಪ್ಯಾರಿಸ್ಸಿನದೇ, ಹಿಂದಿನಿಂದ ಮುಳ್ಳುಹಂದಿ.

“ನೋಡಣ್ಣ, ಬಗ್ಗಂಗಿಲ್ಲ, ಕೂರಂಗಿಲ್ಲ, ಜೋರಾಗಿ ಉಸ್ರೂ ಎಳ್ಯಂಗಿಲ್ಲ.”

“ಕೂರೋದ್ ಎಲ್ಬಂತು? ಇನ್ಮೇಲೆ ನಂದು ನಿಂತ್ಕೊಂಡ್ ಮಾಡೋ ಕೆಲ್ಸ ಕಣಮ್ಮ,” ಎಂದ ಸಿದ್ದು. ಹೇಳುವಾಗಲೇ ಅವನ ಮಂಡಿಗಳಿಗೆ ಹಾಯೆನಿಸಿತು.

ಉಳಿದದ್ದು ಬ್ಯಾಗು. ಇಡೀ ಬೀದಿಗೆ ಫಾರಿನ್ ಬ್ಯಾಗೆಂದರೆ ಒಂದೇ, ಅದು ಇಂದ್ರಮ್ಮನವರ ಹೆಗಲಲ್ಲಿತ್ತು. ದುಬೈನಲ್ಲಿರುವ ಅವರ ಮಗಳು ಕುಸುಮ ತಂದುಕೊಟ್ಟದ್ದು. ಹಾಲು ತರಲು ಹೋದರೂ ಅದನ್ನು ನೇತುಹಾಕಿಕೊಂಡೇ ಹೋಗುತ್ತಿದ್ದರು. ಸಿದ್ದು ಕೇಳುವುದಕ್ಕೆ ಬಾಯಿ ತೆರೆಯುವ ಮೊದಲೇ ಅವರು ಹಾಜರಾದರು.

“ಕೊಡ್ತೀನಿ ಕಣಪ್ಪ, ನಿಂಗಲ್ದೆ ಇನ್ಯಾರ್ಗೆ ಕೊಡ್ಲಿ? ಆದ್ರೆ ಬ್ಯಾಗು ಎಲ್ಲಿರ್ತದೋ ನಾನೂ ಅಲ್ಲೇ ಇರ್ತೀನಿ. ನನ್ ಬಿ.ಪಿ. ಮಾತ್ರೆ ಅದ್ರೊಳ್ಗೇ ಅದೆ.”

“ನೀವು ಮಾತಾಡಂಗಿಲ್ಲ ದೊಡ್ಡಮ್ಮ.”

“ನಾನ್ಯಾಕ್ ಮಾತಾಡ್ಲಿ? ಮೂಲೇಲಿ ಕಲ್ಲು ಕೂತಂಗೆ ಕೂತಿರ್ತೀನಿ. ನಂಗೂ ದುಬೈನೋರು ಎಂಗವ್ರೆ ಅಂತ ನೋಡ್ಬೇಕು. ಕುಸುಮನ ಬಾಣಂತನಕ್ಕೆ ನಾನೂ ಹೋಗ್ಬೇಕಲ್ಲ, ವೀಸಾ ಅನ್ನೋದು ಇನ್ನೂ ಬಂದಿಲ್ಲ.”

ಸಿದ್ದು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ದುಬೈ ದೊಡ್ಡ ಊರು.

ಹನ್ನೊಂದು ಹೊಡೆಯಿತು. ಜವರಪ್ಪನವರ ಹಜಾರದಲ್ಲಿ ಬಿಳಿ ಗೋಡೆಯ ಮುಂದೆ ಸಿದ್ದು ಕಂಬದ ಹಾಗೆ ನಿಂತ. ಎದುರಿಗೆ ಸ್ಟೂಲಿನ ಮೇಲೆ ಸ್ಟೂಲಿಟ್ಟು ಲ್ಯಾಪ್‌ಟಾಪು. ಅದರ ಹಿಂದೆ, ಕ್ಯಾಮೆರಾಗೆ ಕಾಣದ ಕಡೆ, ಉಸಿರು ಬಿಗಿಹಿಡಿದ ಸಿದ್ದಲಿಂಗಮ್ಮ, ಭಾನುಪ್ರಿಯಾ, ಸೋಫಾದ ಮೇಲೆ ಇಂದ್ರಮ್ಮ. ಬೀದಿಯ ಸದ್ದಡಗಿಸುವ ಹೊಣೆಯನ್ನು ತಾನೇ ಹೊತ್ತು ಜವರಪ್ಪ ಗೇಟಿನ ಬಳಿ ನಿಂತರು.

ಪರದೆಯ ಮೇಲೆ ಇಬ್ಬರು ಕಾಣಿಸಿಕೊಂಡರು. ಬೆಳ್ಳಿಕೂದಲಿನ ಒಬ್ಬ ಮೇಡಂ, ಮತ್ತು ನಗುವುದಕ್ಕೂ ಇಸ್ತ್ರಿ ಹಾಕಿದಂತಿದ್ದ ಒಬ್ಬ ಫ್ರೆಂಚ್ ಸಾಹೇಬ. ಮಾತೆಲ್ಲ ಇಂಗ್ಲಿಷಿನಲ್ಲಿ. ಸೀರೆ ಕೊಳ್ಳಲು ಬರುವ ವಿದೇಶಿ ಪ್ರವಾಸಿಗರೊಡನೆ ಪಳಗಿದ ಸಿದ್ದುವಿನ ನಾಲಗೆ ಎಡವಲಿಲ್ಲ. ಹೆಸರು, ಊರು, ಅನುಭವ, ಎಲ್ಲವೂ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಸಾಗುತ್ತಿತ್ತು. ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಹಳೇ ಪೇಪರಿನವನ ಮೈಕು ಕೂಗಿತು. ಜವರಪ್ಪ ಸುಮ್ಮನಿರುತ್ತಾರೆಯೇ? ವರ್ಕ್‌ಶಾಪಿನ ಕಾಲದ ಸೀಟಿಯನ್ನು ಜೇಬಿನಿಂದ ತೆಗೆದು ‘ಸದ್ದು ಮಾಡ್ಬೇಡ’ ಎಂಬ ಅರ್ಥದಲ್ಲಿ ಊದಿದರು. ಹಳೇ ಪೇಪರಿನವನು ಗಪ್‌ಚಿಪ್ಪಾದ. ಬೀದಿಯ ನಾಯಿಗಳು ಆಗಲಿಲ್ಲ. ಅವುಗಳನ್ನು ಸುಮ್ಮನಿರಿಸಲು ಜವರಪ್ಪ ಇನ್ನೊಮ್ಮೆ ಊದಿದರು.

“ಅಲ್ಲಿ ಏನಾದರೂ ಅಪಾಯವೇ?” ಎಂದು ಮೇಡಂ ಗಾಬರಿಯಿಂದ ಕೇಳಿದರು.

“ಇಲ್ಲ ಮೇಡಂ, ಇಲ್ಲಿ ಹತ್ತಿರದಲ್ಲೇ ರೈಲು ನಿಲ್ದಾಣವಿದೆ,” ಎಂದ ಸಿದ್ದು. ಸುಳ್ಳೇನಲ್ಲ.

“ಸರಿ. ಈಗ ಬ್ಯಾಗನ್ನು ತೋರಿಸಿ.”

ಸಿದ್ದು ವಿಡಿಯೋದಲ್ಲಿ ಕಂಡಂತೆಯೇ ಮಾಡಿದ. ಮಂದಹಾಸ, ಮನಸ್ಸಿನಲ್ಲೇ ಮೂರೆಣಿಕೆ, ಆಮೇಲೆ ಎರಡೂ ಕೈಯಲ್ಲಿ ಬ್ಯಾಗನ್ನು ಎಳೆಮಗುವಿನಂತೆ ಎತ್ತಿ ಹಿಡಿಯುವುದು. ಸಾಹೇಬ ತಲೆದೂಗಿದ. “ಒಳಭಾಗ?”

ಸಿದ್ದು ಬ್ಯಾಗಿನ ಬಾಯಿ ತೆರೆದ. ಒಳಗಡೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಮೈಸೂರು ಚಿಗುರೆಲೆ, ಸುಣ್ಣದ ಡಬ್ಬಿ, ಮಾತ್ರೆ ಚೀಟಿ, ಅರ್ಧ ತೆಂಗಿನಕಾಯಿ. ಆದರೆ ಎಂಟು ವರ್ಷ ಬಣ್ಣ ಹೋಗುವ ಸೀರೆಯನ್ನೂ ‘ತೊಳೆದಷ್ಟೂ ಮೃದು’ ಎಂದು ಮಾರಿದವನು ಅವನು. “ನೋಡಿ ಮೇಡಂ, ಬೆಳಿಗ್ಗೆ ಇಟ್ಟ ಎಲೆ ಇನ್ನೂ ಹಸಿರಾಗಿದೆ. ಒಳ್ಳೆಯ ಚರ್ಮ ಉಸಿರಾಡುತ್ತದೆ,” ಎಂದ. ಮೇಡಂ ಏನನ್ನೋ ಬರೆದುಕೊಂಡರು. ಮರೆಯಲ್ಲಿದ್ದ ಭಾನುಪ್ರಿಯಾ ಹೆಬ್ಬೆರಳು ಎತ್ತಿ ತೋರಿಸಿದಳು.

“ಬೆಲೆ ಎಷ್ಟು?” ಎಂದ ಸಾಹೇಬ.

ಸಿದ್ದು ಕಾದಿದ್ದು ಈ ಪ್ರಶ್ನೆಗೇ. ಈ ಕಂಪನಿಯಲ್ಲಿ ಬೆಲೆ ಹೇಳುವಾಗ ಕಣ್ಣು ಮಿಟುಕಿಸಬಾರದು, ಬೆಲೆ ಹೇಳಿದ ಮೇಲೆ ಒಂದು ಮಾತನ್ನೂ ಸೇರಿಸಬಾರದು. ಅವನು ನೆಟ್ಟಗೆ ನಿಂತು, ರೆಪ್ಪೆ ಅಲುಗಿಸದೆ, “ಇಪ್ಪತ್ತು ಸಾವಿರ ದಿರ್ಹಮ್,” ಎಂದ. ಆಮೇಲೆ ಮೌನ. ಪ್ಯಾರಿಸ್ಸಿನ ಗಂಭೀರ ಮೌನ.

ಆ ಮೌನದೊಳಗೆ ಇಂದ್ರಮ್ಮ ಎದ್ದರು. ಇಂಗ್ಲಿಷು ಅವರಿಗೆ ಬಾರದು, ಆದರೆ ಮಗಳು ದುಬೈನಲ್ಲಿರುವ ತಾಯಿಗೆ ದಿರ್ಹಮ್ ಲೆಕ್ಕ ಚೆನ್ನಾಗಿ ಬರುತ್ತದೆ.

“ಏನಂದೆ? ಅಂದ್ರೆ ನಾಕು ಲಕ್ಷದ ಮೇಲಾಯ್ತು! ಈ ಚೀಲಕ್ಕಾ?” ಎನ್ನುತ್ತ ಅವರು ಸೀದಾ ಕ್ಯಾಮೆರಾ ಮುಂದೆ ಬಂದರು. “ಲೇ ಸಿದ್ದು, ನಿನ್ ಸಂಬ್ಳಾನೂ ಇದ್ರಲ್ಲೇ ಸೇರ್ಸಿ ಹೇಳ್ತಿದ್ದೀಯೇನಪ್ಪ? ಸರ್ಯಾಗ್ ಹೇಳು, ಎಷ್ಟಕ್ ಬುಡ್ತೀಯ?”

ನಡೆಯಬಾರದ್ದು ನಡೆದದ್ದು ಆಗ. ಸಿದ್ದುವಿನ ತಲೆ ‘ಸುಮ್ಮನಿರು, ನಿಂತಿರು’ ಎನ್ನುತ್ತಿತ್ತು. ಆದರೆ ಇಂದ್ರಮ್ಮನವರ ಆ ದನಿ ಕಿವಿಗೆ ಬಿದ್ದರೆ ಅವನ ಮೈ ತಲೆಯ ಮಾತನ್ನು ಕೇಳಿದ್ದೇ ಇಲ್ಲ. ಮಂಡಿಗಳು ತಾವಾಗಿಯೇ ಮಡಿಸಿಕೊಂಡವು. ಬೆನ್ನ ಮೇಲಿನ ಪಿನ್ನುಗಳು ಚಟಚಟನೆ ಸಿಡಿದವು. ಕೋಟು ಉಸಿರು ಬಿಟ್ಟು ನಾಲ್ಕೂ ಕಡೆ ಹರಡಿಕೊಂಡಿತು. ಕೈ ಸೋಫಾ ಮೇಲಿನ ಹೊದಿಕೆಯನ್ನು ಸರ್ರನೆ ಎಳೆದು ನೆಲಕ್ಕೆ ಹಾಸಿತು. ಚಕ್ಕಳಮಕ್ಕಳ ಹಾಕಿ ಕೂತ ಸಿದ್ದು ನಗುನಗುತ್ತ ಹೇಳುತ್ತಿದ್ದ:

“ಕೂತ್ಕೊಳಿ ದೊಡ್ಡಮ್ಮ, ಮೊದ್ಲು ಕೂತ್ಕೊಳಿ. ರೇಟು ಎಲ್ಲೋಯ್ತದೆ? ಕಣ್ತುಂಬ ನೋಡಿ. ನೋಡಕ್ಕೆ ದುಡ್ಡಿಲ್ಲ.”

ಇಂದ್ರಮ್ಮ ಕೂತರು. ಸಿದ್ದು ಹೊದಿಕೆಯ ಒಂದು ತುದಿಯನ್ನು ಸೆರಗಿನಂತೆ ಹೆಗಲಿಗೆ ಹೊದ್ದು, ಅದರ ಮೇಲೆ ಬ್ಯಾಗು ನೇತುಹಾಕಿ, ಕೂತಲ್ಲೇ ಅರ್ಧ ತಿರುಗಿ ತೋರಿಸಿದ. “ನಿಮ್ ಬಣ್ಣಕ್ಕೆ ಎಂಗ್ ಒಪ್ತದೆ ನೋಡಿ!”

“ಬಣ್ಣ ಮಂಕು,” ಎಂದರು ಇಂದ್ರಮ್ಮ, ತಮ್ಮದೇ ಬ್ಯಾಗನ್ನು ನೋಡಿ. “ಇನ್ನೊಂದು ತೋರ್ಸಪ್ಪ.”

ಇನ್ನೊಂದು ಎಲ್ಲಿಂದ ಬರಬೇಕು? ಮಗನ ಅಂಗಡಿಯಲ್ಲಿ ಮಾಲು ಮುಗಿಯಿತೆಂದು ಹೆತ್ತಕರುಳು ಚುರ್ ಎಂದಿತು. ಸಿದ್ದಲಿಂಗಮ್ಮ ಬಾಗಿಲ ಚಿಲಕಕ್ಕೆ ಸಿಕ್ಕಿಸಿದ್ದ ಸಂತೆ ಚೀಲವನ್ನು ಎಸೆದರು. ಸಿದ್ದು ಅದನ್ನು ಗಾಳಿಯಲ್ಲೇ ಹಿಡಿದು, “ಇದು ಹೊಸ ಮಾಲು, ನೆನ್ನೆ ಬಂದಿದ್ದು!” ಎಂದು ಹಾಸಿದ. ಭಾನುಪ್ರಿಯಾ ಪಾರ್ಲರಿನ ಮೇಕಪ್ ಪೆಟ್ಟಿಗೆ ಕೊಟ್ಟಳು. ಸದ್ದು ಕೇಳಿ ಒಳಗೆ ಬಂದ ಜವರಪ್ಪ ಏನೆಂದು ಕೇಳದೆ ತಮ್ಮ ವರ್ಕ್‌ಶಾಪಿನ ಊಟದ ಚೀಲವನ್ನು ತಂದಿಟ್ಟರು. ಒಂದೊಂದಕ್ಕೂ ಸಿದ್ದು ಒಂದೊಂದು ವಂಶಾವಳಿ ಹೇಳಿದ. ಒಂದೊಂದಕ್ಕೂ ಇಂದ್ರಮ್ಮ ಒಂದೊಂದು ಕೊಂಕು ತೆಗೆದರು. ಹಜಾರದ ತುಂಬ ಚೀಲಗಳ ಗುಡ್ಡೆ. ಎಲ್ಲರೂ ಸಂತೋಷವಾಗಿದ್ದರು.

“ಎಲ್ಲಾ ಇಷ್ಟೇನಾ?” ಎಂದು ಕೊನೆಗೆ ಇಂದ್ರಮ್ಮ ನಿಟ್ಟುಸಿರುಬಿಟ್ಟು ತಲೆಯೆತ್ತಿದಾಗ ಲ್ಯಾಪ್‌ಟಾಪು ಕಣ್ಣಿಗೆ ಬಿತ್ತು. ಅದರೊಳಗೆ ಇಬ್ಬರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಸಿದ್ದುವಿಗೂ ಆಗಲೇ ನೆನಪಾದದ್ದು.

ಇಂದ್ರಮ್ಮ ಮಾತ್ರ ಪರದೆಯ ಹತ್ತಿರಕ್ಕೆ ಮುಖ ಒಯ್ದು, “ಏನಮ್ಮಾ, ಬರೀ ಚೀಲಾನೇನಾ? ನಿಮ್ಮಂಗ್ಡೀಲಿ ಸೀರೆ ಮಡಗಲ್ವಾ?” ಎಂದು ಕೇಳಿದರು.

“ಆ ಮಹಿಳೆ ಏನು ಹೇಳುತ್ತಿದ್ದಾರೆ?” ಎಂದರು ಮೇಡಂ.

ಇನ್ನು ಮುಚ್ಚಿಡುವುದಕ್ಕೆ ಏನಿದೆ? “ನಿಮ್ಮಲ್ಲಿ ಸೀರೆ ಇದೆಯಾ ಎಂದು ಕೇಳುತ್ತಿದ್ದಾರೆ,” ಎಂದ ಸಿದ್ದು, ಗುಡ್ಡೆಯ ನಡುವೆ ಕೂತುಕೊಂಡೇ.

ಮೇಡಮ್ಮೂ ಸಾಹೇಬನೂ ಒಬ್ಬರನ್ನೊಬ್ಬರು ನೋಡಿಕೊಂಡರು. “ನಾವು ತಿಳಿಸುತ್ತೇವೆ,” ಎಂದರು. ಪರದೆ ಕಪ್ಪಾಯಿತು.

ಆಮೇಲಿನ ಹೊತ್ತು ಸಾವಿನ ಮನೆಯಂತಿತ್ತು. ಸಿದ್ದು ಗೋಡೆಗೆ ಒರಗಿ ಕೂತುಬಿಟ್ಟ. ಅವನ ಮುಖದ ಪೌಡರು ಹೊಸ ಬಣ್ಣಕ್ಕೆ ಮೆತ್ತಿಕೊಂಡರೂ ಜವರಪ್ಪ ಬಾಯಿ ಬಿಡಲಿಲ್ಲ. ಅವನಿಗೆ ಅಳು ಬರುತ್ತಿತ್ತು. ಕಣ್ಣು ಮುಚ್ಚಿದರೆ ಆ ಗಾಜಿನ ಗೂಡು, ತೆರೆದರೆ ಚೀಲಗಳ ಗುಡ್ಡೆ. ನಾಳೆ ಮತ್ತೆ ಅದೇ ಗಾದಿ, ಅದೇ ಮಂಡಿ.

“ನಾನೇನ್ ಮಾಡ್ದೆ? ರೇಟ್ ಕೇಳೋದೂ ತಪ್ಪಾ?” ಎಂದು ಇಂದ್ರಮ್ಮ ಸಣ್ಣ ದನಿಯಲ್ಲಿ ಹೇಳಿ, ತಮ್ಮ ಬ್ಯಾಗಿನಿಂದ ತೆಂಗಿನಕಾಯಿ ತೆಗೆದು ಸಿದ್ದಲಿಂಗಮ್ಮನ ಕೈಗಿಟ್ಟರು. “ಹುಡ್ಗನ್ಗೆ ಏನಾರ ಸಿಹಿ ಮಾಡ್ಕೊಡು ತಾಯಿ.”

ಕಾಯಿಹೋಳಿಗೆ ಬೇಯುತ್ತಿದ್ದಾಗ, ಸಂಜೆ ನಾಲ್ಕರ ಹೊತ್ತಿಗೆ, ಲ್ಯಾಪ್‌ಟಾಪು ಟ್ರಿಣ್ ಟ್ರಿಣ್ ಎಂದಿತು. ಅದೇ ಬೆಳ್ಳಿಕೂದಲಿನ ಮೇಡಂ. ಈ ಸಲ ಅವರ ಮುಖದಲ್ಲಿ ನಗುವಿತ್ತು.

“ಅಭಿನಂದನೆ ಸಿದ್ದರಾಜು. ನಿಮ್ಮನ್ನು ಆರಿಸಿದ್ದೇವೆ. ಇಂಥ ಮಾರಾಟವನ್ನು ನಾನು ನನ್ನ ವೃತ್ತಿಯಲ್ಲೇ ನೋಡಿಲ್ಲ. ನಿಮಗೆ ಕೊಡುವ ಕೆಲಸ ಏನೆಂದರೆ...”

ಏನೆಂದು ಯಾರಿಗೂ ಕೇಳಲಿಲ್ಲ. ‘ಆರಿಸಿದ್ದಾರೆ!’ ಎಂದು ಭಾನುಪ್ರಿಯಾ ಕಿರುಚಿದಳು, ಜವರಪ್ಪ ಸೀಟಿ ಊದಿದರು, ನಾಯಿಗಳು ಸೇರಿಕೊಂಡವು. ಮೇಡಂ ಎರಡೂ ಕಿವಿ ಮುಚ್ಚಿಕೊಂಡು, ಅರ್ಧ ಗಂಟೆ ಬಿಟ್ಟು ಮಾಡುತ್ತೇನೆಂದು ಸನ್ನೆ ಮಾಡಿ ಮಾಯವಾದರು.

ಆ ಅರ್ಧ ಗಂಟೆ ಅಶೋಕಪುರಂನ ಆ ಬೀದಿ ಕಂಡ ಅತ್ಯಂತ ಸಂತೋಷದ ಅರ್ಧ ಗಂಟೆ. ಸಿದ್ದಲಿಂಗಮ್ಮ ಮಗನ ಬಾಯಿಗೆ ಬಿಸಿ ಹೋಳಿಗೆ ತುರುಕಿ ಅತ್ತರು. ಜವರಪ್ಪ ಎಲ್ಲಿಂದಲೋ ಒಂದು ಹಾರ, ಒಂದು ಶಾಲು ತಂದು ಸನ್ಮಾನ ಮಾಡಿಬಿಟ್ಟರು. ಇಂದ್ರಮ್ಮ ದೃಷ್ಟಿ ತೆಗೆದರು. ಸಿದ್ದುವಿಗೆ ಎಲ್ಲರ ಮೇಲೂ ಪ್ರೀತಿ ಉಕ್ಕಿ ಬಂತು, ಇಂದ್ರಮ್ಮನ ಮೇಲೂ. ಇನ್ನು ಅವರ ಕೈಗೆ ಸಿಗುವುದಿಲ್ಲ ಎಂದಾದ ಮೇಲೆ ಪ್ರೀತಿಸುವುದು ಸುಲಭವಾಗಿತ್ತು. ಆ ಉತ್ಸಾಹದಲ್ಲೇ ಹಾರ ಹಾಕಿಕೊಂಡೇ ಅಂಗಡಿಗೆ ಫೋನು ಹಚ್ಚಿದ.

“ಏನಯ್ಯ, ಹೊಟ್ಟೆನೋವು ಹೆಂಗಿದೆ?” ಎಂದರು ಮಾಲೀಕ ಶಿವಪ್ರಕಾಶ್.

“ಹೋಯ್ತು ಸಾರ್. ಎಂಟು ವರ್ಷದ್ದು, ಇವತ್ತು ಹೋಯ್ತು. ನಂಗೆ ದುಬೈನಲ್ಲಿ ಕೆಲ್ಸ ಆಗಿದೆ. ಇನ್ನು ಈ ಜನ್ಮದಲ್ಲಿ ನಾನು ಸೀರೆ ಬಿಚ್ಚಲ್ಲ, ಸೀರೆ ಮಡಿಸಲ್ಲ, ನಿಮ್ ಗಾದಿ ಮೇಲೆ ಕೂರಲ್ಲ!”

ಬೀದಿ ಚಪ್ಪಾಳೆ ತಟ್ಟಿತು.

“ಸಂತೋಷ ಕಣಪ್ಪ,” ಎಂದರು ಶಿವಪ್ರಕಾಶ್ ಶಾಂತವಾಗಿ. “ನಮ್ಮ ಭಾಮೈದ ಕೆಲ್ಸ ಕೆಲ್ಸ ಅಂತ ಪ್ರಾಣ ತಿಂತಿದ್ದ. ನಾಳೆಯಿಂದ ನಿನ್ ಜಾಗದಲ್ಲಿ ಅವನನ್ನೇ ಕೂರಿಸ್ತೀನಿ. ಒಳ್ಳೇದಾಗ್ಲಿ.”

ಫೋನಿಡುವುದಕ್ಕೂ ಲ್ಯಾಪ್‌ಟಾಪು ಮತ್ತೆ ಟ್ರಿಣ್ ಎನ್ನುವುದಕ್ಕೂ ಸರಿಹೋಯಿತು. ಭಾನುಪ್ರಿಯಾ ಅಪ್ಪನ ಕೈಯಿಂದ ಸೀಟಿ ಕಸಿದುಕೊಂಡಳು.

“ಈಗ ಕೇಳುತ್ತಿದೆಯೇ?” ಎಂದರು ಮೇಡಂ. “ನಿಜ ಹೇಳಬೇಕೆಂದರೆ ಬ್ಯಾಗು ಮಾರಲು ನಮಗೆ ಜನರಿದ್ದಾರೆ. ಆದರೆ ಆ ಅಮ್ಮನ ಪ್ರಶ್ನೆ ನಮ್ಮ ಕಣ್ಣು ತೆರೆಸಿತು. ನಮ್ಮ ಮಳಿಗೆಗೆ ಬರುವ ಎಷ್ಟೋ ಭಾರತೀಯ ತಾಯಂದಿರು ಎರಡು ನಿಮಿಷ ನಿಂತು ಹೊರಟುಹೋಗುತ್ತಾರೆ. ಅವರನ್ನು ಕೂರಿಸುವುದು ಹೇಗೆಂದು ನಮಗೆ ಗೊತ್ತೇ ಇರಲಿಲ್ಲ! ಅದಕ್ಕೆ ಮೂರನೆಯ ಮಹಡಿಯಲ್ಲಿ ರೇಷ್ಮೆ ಸೀರೆ ವಿಭಾಗ ತೆರೆಯುತ್ತೇವೆ. ಅದು ನಿಮ್ಮದೇ.”

ಸಿದ್ದುವಿನ ಬಾಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು.

“ಕುರ್ಚಿ, ಮೇಜು ಯಾವುದೂ ಇಲ್ಲ,” ಎಂದು ಮೇಡಂ ಹುರುಪಿನಿಂದ ಮುಂದುವರಿಸಿದರು. “ನೀವು ತೋರಿಸಿದ ಹಾಗೆ ನೆಲದ ಮೇಲೆ ಬಿಳಿ ಹಾಸು. ಸೀರೆಯನ್ನು ನೀವೇ ಹೊದ್ದು ತೋರಿಸಬೇಕು. ಎಷ್ಟು ಬೇಕಾದರೂ ಬಿಚ್ಚಿ, ಮಡಿಸಿದರಾಯಿತು.”

“ಆದರೆ ಮೇಡಂ, ನಿಂತು ಮಾಡುವ ಕೆಲಸ ಎಂದು...”

“ಛೆ ಛೆ, ನಿಮಗೆ ನಿಲ್ಲುವ ಕಷ್ಟ ಕೊಡುತ್ತೇವೆಯೇ? ಇಡೀ ದಿನ ಕೂತೇ ಇರಬಹುದು!”

ಮೇಡಂ ಕೈಬೀಸಿ ಹೋದರು. ಸಿದ್ದು ಶಾಲು ಹೊದ್ದುಕೊಂಡು, ಹಾರದೊಳಗಿಂದ ಬಿಳಿ ಗೋಡೆಯನ್ನು ನೋಡುತ್ತ ಕೂತ. ಇತ್ತ ಬೇಡವೆನ್ನೋಣವೆಂದರೆ ಶಿವಪ್ರಕಾಶರ ಭಾಮೈದನಿಗೆ ಆ ಗಾದಿ ಆಗಲೇ ಮೀಸಲಾಗಿತ್ತು. ‘ಹೋಗ್ಲಿ,’ ಎಂದು ಅವನು ತನ್ನ ಮನಸ್ಸಿಗೆ ತಾ‌ನೇ ಸಮಾಧಾನ ಹೇಳಿಕೊಂಡ, ‘ಗಾದಿ ಆದ್ರೇನು, ಊರು ಬೇರೆ. ಜನ ಬೇರೆ. ಅಮಾಸೆ ಗಿಮಾಸೆ ಅನ್ನೋರು ಅಲ್ಲಿ ಯಾರಿದ್ದಾರೆ?’

ಆಗ ಇಂದ್ರಮ್ಮನವರ ಬ್ಯಾಗಿನೊಳಗೆ, ಎಲೆಯಡಿಕೆಯ ನಡುವೆ, ಫೋನು ಹೊಡೆದುಕೊಂಡಿತು. ದುಬೈನಿಂದ ಕುಸುಮ. ಮಾತಾಡುತ್ತಾಡುತ್ತ ಇಂದ್ರಮ್ಮನವರ ಮುಖ ದೀಪಾವಳಿಯಾಯಿತು.

“ವೀಸಾ ಬಂತಂತೆ ಕಣೇ ಸಿದ್ದಲಿಂಗಿ! ಬಾಣಂತನ ಮುಗ್ಸ್‌ಕೊಂಡು ಮೂರು ತಿಂಗ್ಳು ಅಲ್ಲೇ ಇರ್ಬೋದಂತೆ!” ಆಮೇಲೆ ಫೋನಿಗೆ ಏನನ್ನೋ ಕೇಳಿ, ಉತ್ತರ ಕೇಳಿಸಿಕೊಂಡು, ಸಿದ್ದುವಿನ ಕಡೆ ತಿರುಗಿದರು. “ಸಿದ್ದು, ನಿನ್ ಅಂಗ್ಡಿ ಕುಸುಮನ ಮನೆ ಎದ್ರುಗೇನಂತೆ! ರಸ್ತೆ ದಾಟುದ್ರೆ ಆಯ್ತಂತೆ!”

ಸಿದ್ದುವಿನ ಕೈಗಳು ಅವನನ್ನು ಕೇಳದೆಯೇ ಸೋಫಾದ ಹೊದಿಕೆಯನ್ನು ಅಂಚಿಗೆ ಅಂಚು ಸೇರಿಸಿ ಮಡಿಸತೊಡಗಿದ್ದವು.

ಇಂದ್ರಮ್ಮ ಬಂದು ಅವನ ತಲೆ ನೇವರಿಸಿದರು. “ಪರದೇಶದಲ್ಲಿ ಒಬ್ನೇ ಆಗ್ಬುಟ್ಟೆ ಅಂತ ಬೇಜಾರ್ ಮಾಡ್ಕೋಬೇಡ ಕಣಪ್ಪ. ಮಗೂನ ಮಲಗ್ಸಿ ದಿನಾ ಬೆಳಿಗ್ಗೆ ಬಂದ್ಬುಡ್ತೀನಿ. ದೊಡ್ಡ ಅಂಚಿನ ಸೀರೆ ಒಂದಿಷ್ಟು ಕೆಳಗೇ ತೆಗೆದು ಮಡಗಿರು. ತಗೊಳ್ಳೋಕಲ್ಲ, ಸುಮ್ನೆ ನೋಡೋಕೆ.”